ಬಳಸದ ಕರೆಂಟಿಗೂ ಬಾಡಿಗೆ: ದಾಭೋಳದಿಂದ ನಂದಿಕೂರಿನವರೆಗೆ

ಕರೆಂಟು ಬಿಲ್ಲು ಜಾಸ್ತಿ ಬಂದರೆ ನಮ್ಮ ಕಡೆ ಮೊದಲು ಬೈಸಿಕೊಳ್ಳುವವರು ಮೀಟರ್ ರೀಡರ್, ಆಮೇಲೆ ಲೈನ್‌ಮನ್. ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ಲಿನ ಮನೆಗಳಲ್ಲಿ ಈ ಜಗಳ ಕಡಿಮೆಯಾಗಿದೆ. ಹಿಟ್ಟಿನ ಗಿರಣಿಯವರಿಗೆ ಮಾತ್ರ ಇನ್ನೂ ತಪ್ಪಿಲ್ಲ. ಅವರ ಬಿಲ್ಲಿನಲ್ಲಿ 'ನಿಗದಿತ ಶುಲ್ಕ' ಅಂತ ಒಂದು ಸಾಲು ಇರುತ್ತದೆ. ಗಿರಣಿ ಇಡೀ ತಿಂಗಳು ಬಾಗಿಲು ಹಾಕಿದ್ದರೂ ಅದನ್ನು ಕಟ್ಟಲೇಬೇಕು.

ಇಂಥದ್ದೇ ಒಂದು ಸಾಲು ಸರ್ಕಾರದ ವಿದ್ಯುತ್ ಸಂಸ್ಥೆಗಳಿಗೂ ಬರುತ್ತದೆ. ಕಳಿಸುವವರು ಖಾಸಗಿ ವಿದ್ಯುತ್ ಸ್ಥಾವರದವರು. ಆ ಸಾಲು ಒಂದು ರಾಜ್ಯದ ವಿದ್ಯುತ್ ಮಂಡಳಿಯನ್ನೇ ಹೇಗೆ ಹೈರಾಣು ಮಾಡಿತು ಅನ್ನುವುದು ಪಕ್ಕದ ಮಹಾರಾಷ್ಟ್ರದ ಕಥೆ. ಅದರ ಒಂದು ತುದಿ ನಮ್ಮ ಉಡುಪಿ ಜಿಲ್ಲೆಯಲ್ಲೂ ಇದೆ.

1991ರಲ್ಲಿ ದೇಶದ ಬೊಕ್ಕಸದಲ್ಲಿ ವಿದೇಶಿ ಹಣ ಬರಿದಾಗಿತ್ತು. ಹೊಸ ಸ್ಥಾವರ ಕಟ್ಟಲು ರಾಜ್ಯದ ಮಂಡಳಿಗಳ ಕೈಯಲ್ಲಿ ದುಡ್ಡಿರಲಿಲ್ಲ. ಆಗ ಕೇಂದ್ರ ಸರ್ಕಾರ 1948ರ ವಿದ್ಯುತ್ ಕಾಯ್ದೆಗೆ ತಿದ್ದುಪಡಿ ತಂದು, ಖಾಸಗಿಯವರು ಕರೆಂಟು ತಯಾರಿಸಿ ಮಂಡಳಿಗೆ ಮಾರಬಹುದು ಎಂದಿತು. ವಿದೇಶಿ ಕಂಪನಿ ಪೂರ್ತಿ ಬಂಡವಾಳ ತಾನೇ ಹಾಕಿದರೂ ಸೈ. ಸ್ಥಾವರ ತನ್ನ ಸಾಮರ್ಥ್ಯದ ಶೇ. 68.5ರಷ್ಟು ಓಡಿದರೆ ಸಾಕು, ಹಾಕಿದ ಸ್ವಂತ ಬಂಡವಾಳಕ್ಕೆ ಶೇ. 16 ಲಾಭ ಸಿಗುವ ಹಾಗೆ ನಿಯಮ ಮಾಡಿದರು. ಎಂಟು ಯೋಜನೆಗಳನ್ನು ಆರಿಸಿ 'ಫಾಸ್ಟ್ ಟ್ರ್ಯಾಕ್' ಎಂದು ಕರೆದರು. ಮಂಡಳಿ ದುಡ್ಡು ಕೊಡದಿದ್ದರೆ ರಾಜ್ಯ ಕೊಡಬೇಕು, ರಾಜ್ಯವೂ ಕೊಡದಿದ್ದರೆ ಕೇಂದ್ರವೇ ಕೊಡುತ್ತದೆ ಎಂಬ ಪ್ರತಿಖಾತರಿ ಇವುಗಳಿಗೆ. ಮಳೆ ಬರಲಿ ಬಿಡಲಿ ಇಷ್ಟು ಲಾಭ ಎಂದು ಯಾವ ಸರ್ಕಾರವೂ ರಾಗಿ ಬೆಳೆದವನಿಗೆ ಬರೆದುಕೊಟ್ಟಿದ್ದು ನನಗಂತೂ ನೆನಪಿಲ್ಲ.

ಆ ಎಂಟರಲ್ಲಿ ದೊಡ್ಡ ಹೆಸರು ಎನ್ರಾನ್. ಅಮೆರಿಕದ ಟೆಕ್ಸಾಸಿನ ಕಂಪನಿ. 1992ರ ಜೂನ್‌ನಲ್ಲಿ ಅವರ ತಂಡ ಬಂತು, ಕೆಲವೇ ದಿನಗಳಲ್ಲಿ, ಜೂನ್ 20ಕ್ಕೆ, ಮಹಾರಾಷ್ಟ್ರ ವಿದ್ಯುತ್ ಮಂಡಳಿ ಜೊತೆ ಮೊದಲ ಒಪ್ಪಂದಕ್ಕೆ ಸಹಿ ಬಿತ್ತು. ಟೆಂಡರ್ ಕರೆದಿರಲಿಲ್ಲ. ಜಾಗ ರತ್ನಾಗಿರಿ ಜಿಲ್ಲೆಯ ಗುಹಾಗರ್ ತಾಲ್ಲೂಕು, ಕೊಂಕಣದ ಕಡಲ ದಂಡೆ. ಹೆಸರು ದಾಭೋಳ ಪವರ್ ಕಂಪನಿ. ಶೇ. 80 ಪಾಲು ಎನ್ರಾನ್‌ದು, ಜನರಲ್ ಎಲೆಕ್ಟ್ರಿಕ್ ಮತ್ತು ಬೆಕ್ಟೆಲ್‌ಗೆ ತಲಾ 10. ಸಾಮರ್ಥ್ಯ ಎರಡು ಹಂತ ಸೇರಿ 2,000 ಮೆಗಾವಾಟ್‌ಗೂ ಮೇಲೆ.

ಸಾಲ ಕೊಡಿ ಎಂದು ಕೇಳಿದಾಗ ವಿಶ್ವ ಬ್ಯಾಂಕೇ 1993ರಲ್ಲಿ ಬೇಡ ಎಂದಿತು. ಇಷ್ಟು ದೊಡ್ಡ ಸ್ಥಾವರ ಈ ರಾಜ್ಯಕ್ಕೆ ಭಾರ, ಹೊರಗಿಂದ ತರುವ ದ್ರವ ಅನಿಲ ದುಬಾರಿ, ಇದನ್ನು ಕೊಳ್ಳಲು ಮಂಡಳಿ ತನ್ನದೇ ಅಗ್ಗದ ಕಲ್ಲಿದ್ದಲು ಕರೆಂಟನ್ನು ನಿಲ್ಲಿಸಬೇಕಾಗುತ್ತದೆ ಎಂಬುದು ಅದರ ಲೆಕ್ಕ. ಆದರೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಖರೀದಿ ಒಪ್ಪಂದ ಆಗಿಹೋಯಿತು.

ಒಪ್ಪಂದದ ಮರ್ಮ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ. ಸ್ಥಾವರ ಓಡಲು ತಯಾರಿದ್ದರೆ ಸಾಕು, ಮಂಡಳಿ ಕರೆಂಟು ತೆಗೆದುಕೊಳ್ಳಲಿ ಬಿಡಲಿ, ಬಾಡಿಗೆ ಕಟ್ಟಬೇಕು. ಟ್ರ್ಯಾಕ್ಟರ್ ತಂದು ನಿಮ್ಮ ಹೊಲದ ಬದುವಿನಲ್ಲಿ ನಿಲ್ಲಿಸಿದ್ದಾರೆ ಅಂದುಕೊಳ್ಳಿ. ನೀವು ಉಳುಮೆ ಮಾಡಿಸಿದರೂ, ಮಾಡಿಸದಿದ್ದರೂ ದಿನದ ಬಾಡಿಗೆ ಏರುತ್ತಲೇ ಇರುತ್ತದೆ. ಉತ್ತರೆ ಡೀಸೆಲ್ ದುಡ್ಡು ಬೇರೆ. ಸುಮ್ಮನೆ ಒಂದು ಲೆಕ್ಕ ಹಾಕೋಣ. ಬಾಡಿಗೆ 200 ರೂಪಾಯಿ, ಇಂಧನ ಯೂನಿಟ್‌ಗೆ 2 ರೂಪಾಯಿ. 100 ಯೂನಿಟ್ ಬಳಸಿದರೆ ಯೂನಿಟ್‌ಗೆ ಬೀಳುವುದು 4 ರೂಪಾಯಿ. 40 ಯೂನಿಟ್ ಮಾತ್ರ ಬಳಸಿದರೆ 7 ರೂಪಾಯಿ. ದುಬಾರಿ ಅಂತ ಕಡಿಮೆ ಬಳಸಿದಷ್ಟೂ ಇನ್ನೂ ದುಬಾರಿ! ಮೇಲಾಗಿ ಇಲ್ಲಿ ಬಾಡಿಗೆಯ ಬಹುಪಾಲು ಡಾಲರ್‌ಗೆ ಕಟ್ಟಿದ್ದು. 1993ರಲ್ಲಿ 31 ರೂಪಾಯಿ ಆಸುಪಾಸು ಇದ್ದ ಡಾಲರ್ 2001ರ ಹೊತ್ತಿಗೆ 46 ದಾಟಿತ್ತು.

ರಾಜಕೀಯದ ಆಟ ಬೇರೆಯೇ. 1995ರ ಚುನಾವಣೆಯಲ್ಲಿ ಎನ್ರಾನ್ ಅನ್ನು ಅರಬ್ಬಿ ಸಮುದ್ರಕ್ಕೆ ಎಸೆಯುತ್ತೇವೆ ಎಂದು ಶಿವಸೇನೆ–ಬಿಜೆಪಿ ಪ್ರಚಾರ ಮಾಡಿ ಗೆದ್ದವು. ಆಗಸ್ಟ್ 3ರಂದು ಯೋಜನೆ ರದ್ದು ಎಂದು ಘೋಷಣೆಯೂ ಆಯಿತು. ಕೆಲವೇ ತಿಂಗಳಲ್ಲಿ ಅದೇ ಸರ್ಕಾರ ಮತ್ತೆ ಮಾತುಕತೆಗೆ ಕೂತು ಒಪ್ಪಂದವನ್ನು ಜೀವಂತ ಮಾಡಿತು, ಅದೂ ಮೊದಲಿಗಿಂತ ದೊಡ್ಡದಾಗಿ. 1996ರ ಮೇ ತಿಂಗಳಲ್ಲಿ ಕೇಂದ್ರದ 13 ದಿನಗಳ ವಾಜಪೇಯಿ ಸರ್ಕಾರ ಬೀಳುವ ಮುನ್ನ ಪ್ರತಿಖಾತರಿಗೆ ಒಪ್ಪಿಗೆ ಕೊಟ್ಟೇ ಹೋಯಿತು. ಕಾಂಗ್ರೆಸ್ ಸರ್ಕಾರ ಶುರು ಮಾಡಿದ್ದನ್ನು ಎದುರಾಳಿಗಳೇ ಮುಗಿಸಿಕೊಟ್ಟರು.

ಸಮುದ್ರದ ಪಕ್ಕದ ವೆಲ್ದೂರಿನ ಮೀನುಗಾರರನ್ನು ಮಾತ್ರ ಈ ಇಡೀ ವ್ಯವಹಾರದಲ್ಲಿ ಯಾರೂ ಮಾತುಕತೆಗೆ ಕರೆಯಲಿಲ್ಲ. ಮೀನು, ನೀರು, ಮಾವಿನ ತೋಟ ಹಾಳಾಗುತ್ತದೆ ಎಂದು ಸುತ್ತಲಿನ ಹಳ್ಳಿಗಳು ಪ್ರತಿಭಟಿಸುತ್ತಿದ್ದವು. 1997ರ ಜೂನ್ 3ರ ನಸುಕಿನಲ್ಲಿ, ಗಂಡಸರು ಹೆಚ್ಚಿನವರು ಕಡಲಿಗೆ ಹೋಗಿದ್ದಾಗ, ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರನ್ನು ಹೊಡೆದು ಹಿಡಿದೊಯ್ದರು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1999ರ ಜನವರಿಯಲ್ಲಿ ಇದನ್ನೆಲ್ಲ ವರದಿ ಮಾಡಿತು. ಅಲ್ಲಿ ನಿಯೋಜಿಸಿದ್ದ ಪೊಲೀಸ್ ಪಡೆಯ ಖರ್ಚಿಗೆ ಕಂಪನಿ ಸರ್ಕಾರಕ್ಕೆ ಹಣ ಕೊಡುತ್ತಿತ್ತು ಎಂಬುದೂ ಆ ವರದಿಯಲ್ಲಿದೆ.

1999ರ ಮೇನಲ್ಲಿ 740 ಮೆಗಾವಾಟ್‌ನ ಮೊದಲ ಹಂತ ಶುರುವಾಯಿತು, ನಾಫ್ತಾ ಸುಟ್ಟು. ಎಣ್ಣೆ ಬೆಲೆ ಏರಿತು, ಮಂಡಳಿ ಖರೀದಿ ಕಡಿಮೆ ಮಾಡಿತು, ಟ್ರ್ಯಾಕ್ಟರ್ ಲೆಕ್ಕ ನಿಜವಾಯಿತು. 2000ದಲ್ಲಿ ಕೆಲವು ತಿಂಗಳು ಯೂನಿಟ್ ಬೆಲೆ 7 ರೂಪಾಯಿ ದಾಟಿತು. ಮಂಡಳಿ ಬಾಕಿ ಉಳಿಸಿಕೊಂಡಿತು, 2001ರ ಫೆಬ್ರವರಿಯಲ್ಲಿ ಎನ್ರಾನ್ ಕೇಂದ್ರದ ಬಾಗಿಲು ಬಡಿಯಿತು, ಮೇ ಕೊನೆಗೆ ಸ್ಥಾವರ ನಿಂತಿತು. ಡಿಸೆಂಬರ್ 2ಕ್ಕೆ ಅಮೆರಿಕದಲ್ಲಿ ಎನ್ರಾನ್ ತಾನೇ ದಿವಾಳಿ ಅರ್ಜಿ ಹಾಕಿತು. ದಾಭೋಳದ ಯಂತ್ರಗಳು ಐದು ವರ್ಷ ಉಪ್ಪು ಗಾಳಿಯಲ್ಲಿ ನಿಂತಿದ್ದವು. ಅವನ್ನು ಮತ್ತೆ ಓಡಿಸಲು 2005ರಲ್ಲಿ ಎನ್‌ಟಿಪಿಸಿ, ಗೇಲ್ ಎಂಬ ಸರ್ಕಾರಿ ಕಂಪನಿಗಳೇ ಬರಬೇಕಾಯಿತು.

ಇನ್ನು ನಮ್ಮ ಕಡೆ. ಎಂಟು ಫಾಸ್ಟ್ ಟ್ರ್ಯಾಕ್ ಯೋಜನೆಗಳಲ್ಲಿ ಒಂದು ಉಡುಪಿ ಹತ್ತಿರದ ನಂದಿಕೂರಿಗೆ ಬಂದಿತ್ತು. ಅಮೆರಿಕದ ಕೋಜೆಂಟ್ರಿಕ್ಸ್ ಕಂಪನಿಯ ಸುಮಾರು 1,000 ಮೆಗಾವಾಟ್ ಕಲ್ಲಿದ್ದಲು ಸ್ಥಾವರ. ಹಾರುಬೂದಿ, ಕಡಲಿಗೆ ಬಿಡುವ ಬಿಸಿನೀರು ಎಂದು ಕರಾವಳಿಯ ಜನ ವರ್ಷಗಟ್ಟಲೆ ವಿರೋಧಿಸಿದರು, ಕೋರ್ಟಿಗೂ ಹೋದರು. ಇತ್ತ ಖಾತರಿ ಪತ್ರಗಳು ಮುಗಿಯಲೇ ಇಲ್ಲ. 1999ರ ಡಿಸೆಂಬರ್‌ನಲ್ಲಿ ಕಂಪನಿ ಕೈತೊಳೆದುಕೊಂಡಿತು. ಬಂಡವಾಳ ಓಡಿಹೋಯಿತು ಎಂದು ಆಗ ಪತ್ರಿಕೆಗಳಲ್ಲಿ ಗೋಳಾಡಿದವರು ಬಹಳ. ಎರಡು ವರ್ಷ ಕಳೆಯುವಷ್ಟರಲ್ಲಿ ದಾಭೋಳದ ಗತಿ ನೋಡಿದ ಮೇಲೆ, ಪೂರ್ತಿ ನಷ್ಟವೇ ಆಗಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೆ ನಂದಿಕೂರು ಬಚಾವಾಯಿತು ಎಂದೂ ಹೇಳುವಂತಿಲ್ಲ. ಅದೇ ಸುತ್ತಿನ ಎಲ್ಲೂರಿನಲ್ಲಿ ಮುಂದೆ 1,200 ಮೆಗಾವಾಟ್‌ನ ಸ್ಥಾವರ ಎದ್ದಿತು, ಹೊರದೇಶದ ಕಲ್ಲಿದ್ದಲಿನದು. ನಾಗಾರ್ಜುನ ಕಂಪನಿಯ ಹೆಸರಲ್ಲಿ ಶುರುವಾಗಿ, ಲ್ಯಾಂಕೋ ಕೈಯಲ್ಲಿ ಕಟ್ಟಿಸಿಕೊಂಡು, 2015ರಲ್ಲಿ ಅದಾನಿ ಕೈ ಸೇರಿತು. ಕಂಪನಿ ಮೂರು ಬದಲಾದರೂ ಮಲ್ಲಿಗೆ ಗಿಡದ ಮೇಲೆ ಬೂದಿ ಕೂರುತ್ತದೆ ಎಂಬ ಸುತ್ತಲಿನ ಬೆಳೆಗಾರರ ದೂರು ಅದೇ ಉಳಿಯಿತು.

ಈಗಿನ ಖಾಸಗಿ ಕರೆಂಟು ಹೆಚ್ಚಾಗಿ ಬಿಸಿಲು, ಗಾಳಿಯದು. ಬೆಲೆಯನ್ನು ಹರಾಜಿನಲ್ಲಿ ಕೂಗಿಸಿ ಗೊತ್ತು ಮಾಡುತ್ತಾರೆ, ಹಾಗಾಗಿ ದಾಭೋಳದಷ್ಟು ಕತ್ತಲೆ ಇಲ್ಲ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಲೆಕ್ಕ ಒಂದು ಕಡೆ ತಿರುಗಿಯೂ ಬಿದ್ದಿದೆ: ಅಲ್ಲಿ ಮಳೆ ಬರಲಿ ಬಿಡಲಿ ಬಾಡಿಗೆ ಸಿಗುವುದು ಜಮೀನಿನ ರೈತನಿಗೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಗುತ್ತಿಗೆ ಆಯಿತು. ಸುಮಾರು 13,000 ಎಕರೆ ಹೀಗೆ ಹೋಯಿತು. ಆ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದ ಕೂಲಿ ಹೆಂಗಸರ, ಕುರಿ ಮೇಯಿಸುತ್ತಿದ್ದವರ ಹೆಸರಲ್ಲಿ ಪಹಣಿ ಇರಲಿಲ್ಲ. ಹಾಗಾಗಿ ಗುತ್ತಿಗೆ ಪತ್ರದಲ್ಲೂ ಅವರಿಲ್ಲ.