‘ಲಾಯಲ್’ ಯಾರು?

ಚೆನ್ನೈಗೆ ಬರುವ ಗೆಳೆಯರನ್ನು ನಾನು ಮರೀನಾ ಬೀಚಿಗಿಂತ ಮೊದಲು ರಾಯಪುರಂ ಸ್ಟೇಷನ್ನಿಗೆ ಕರೆದೊಯ್ಯುತ್ತೇನೆ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರಲ್ಲಿ ವಾಲಾಜಾ ರೋಡಿಗೆ ಹೊರಟಿದ್ದು ಇಲ್ಲಿಂದ. ಈಗ ಪಕ್ಕದಲ್ಲೇ ವಿದ್ಯುತ್ ಎಂಜಿನ್‌ಗಳ ಶೆಡ್ ಇದೆ. ಆ ಎಂಜಿನ್‌ಗಳನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು 1974ರ ಮೇ ತಿಂಗಳು.

ಮೇ 8ರಿಂದ 27ರವರೆಗೆ ದೇಶದಾದ್ಯಂತ ರೈಲ್ವೆ ಮುಷ್ಕರ ನಡೆಯಿತು. ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ನಿನ ಅಧ್ಯಕ್ಷರಾಗಿದ್ದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಬೋನಸ್ಸು ಮತ್ತು ಎಂಟು ಗಂಟೆಯ ಕೆಲಸ ಮುಖ್ಯ ಬೇಡಿಕೆಗಳು. ಮುಷ್ಕರ ಶುರುವಾಗುವ ಮೊದಲೇ, ಮೇ 2ರಂದು, ಅವರ ಬಂಧನವಾಯಿತು.

ಆದರೆ ಈ ಕಥೆಯನ್ನು ಜಾರ್ಜ್ ಅವರಿಂದ ಶುರುಮಾಡಿದರೆ ಅರ್ಧ ತಪ್ಪಿಹೋಗುತ್ತದೆ. ಎಂಜಿನ್ ಓಡಿಸುವವರು ದೊಡ್ಡ ಯೂನಿಯನ್ನುಗಳನ್ನು ನಂಬದೆ ಮೊದಲೇ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. 1973ರಲ್ಲಿ ಅವರು ಕೆಲಸ ನಿಲ್ಲಿಸಿ, ಹತ್ತು ಗಂಟೆಗೆ ಮೀರಿ ಡ್ಯೂಟಿ ಇಲ್ಲ ಎಂಬ ಭರವಸೆ ಪಡೆದರು. ಉಗಿ ಎಂಜಿನ್ನಿನ ಮೇಲೆ ಮೇಲಧಿಕಾರಿ ಇರುವುದಿಲ್ಲ. ಡ್ರೈವರ್, ಫೈರ್‌ಮನ್, ಬೆಂಕಿ. ನಿದ್ದೆಗಣ್ಣಲ್ಲಿ ಒಂದು ಸಿಗ್ನಲ್ ತಪ್ಪಿದರೆ ಹಿಂದಿರುವ ನೂರಾರು ಜನರ ಗತಿಯೇನು? ಗಂಟೆ ಎಣಿಸುವುದು ಅವರಿಗೆ ಸೋಮಾರಿತನವಾಗಿರಲಿಲ್ಲ, ಕಸುಬಿನ ಮರ್ಯಾದೆಯಾಗಿತ್ತು. ರೈಲ್ವೆಯವರ ಹಳೆಯ ಅಸ್ತ್ರ ನೋಡಿ: ನಿಯಮ ಪುಸ್ತಕದಲ್ಲಿರುವಂತೆ ಅಕ್ಷರಶಃ ಕೆಲಸ ಮಾಡುವುದು. ಆಡಳಿತದ ಮಾತನ್ನು ಪೂರ್ತಿ ಪಾಲಿಸಿದರೆ ಗಾಡಿಗಳು ತಡವಾಗುತ್ತವೆ! (ನಮ್ಮ ಐಟಿ ಕಂಪನಿಗಳಲ್ಲೂ ಪ್ರಯತ್ನಿಸಬಹುದೇನೋ.)

ಆಡಳಿತ ಮಾತ್ರ ನಿಷ್ಠೆಯನ್ನು ಹಾಜರಿ ಪುಸ್ತಕದಲ್ಲಿ ಅಳೆಯಿತು. ಮುಷ್ಕರದ ದಿನಗಳಲ್ಲೂ ಕೆಲಸಕ್ಕೆ ಬಂದವರು ಕಡತಗಳಲ್ಲಿ ‘ಲಾಯಲ್ ವರ್ಕರ್’ ಆದರು. ಅವರಿಗೆ ಹೆಚ್ಚುವರಿ ಇಂಕ್ರಿಮೆಂಟ್ ಸಿಕ್ಕಿತು, ಮಕ್ಕಳಿಗೆ ರೈಲ್ವೆಯಲ್ಲಿ ನೌಕರಿಯೂ ಸಿಕ್ಕಿತು. ಬಾರದವರಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಕ್ವಾರ್ಟರ್ಸಿನಿಂದ ಕುಟುಂಬಗಳು ಸಾಮಾನು ಸಮೇತ ಬೀದಿಗೆ ಬಂದವು. ಒಂದೇ ಸಾಲಿನ ಮನೆಗಳಲ್ಲಿ ಎರಡೂ ಬಗೆಯವರಿದ್ದರು ಎಂಬುದನ್ನು ಮರೆಯಬಾರದು. ಕೆಲಸಕ್ಕೆ ಹೋದವರನ್ನೆಲ್ಲ ದ್ರೋಹಿಗಳೆನ್ನಲು ನನಗೆ ಮನಸ್ಸಾಗದು. ಮಗಳ ಮದುವೆ, ಊರಿನ ಸಾಲ, ನಿವೃತ್ತಿಗೆ ಉಳಿದ ಎರಡು ವರ್ಷ, ಇವೂ ನಿಷ್ಠೆಗಳೇ.

1977ರಲ್ಲಿ ಜನತಾ ಸರ್ಕಾರ ಬಂದು, ಮಧು ದಂಡವತೆ ರೈಲ್ವೆ ಮಂತ್ರಿಯಾದ ಮೇಲೆ ವಜಾಗೊಂಡವರು ಕೆಲಸಕ್ಕೆ ಮರಳಿದರು. ಪಕ್ಕದ ಮೇಜಿನಲ್ಲಿ ‘ಲಾಯಲ್’ ಕೋಟಾದಲ್ಲಿ ಸೇರಿದ ಹುಡುಗ ಕೂತಿರಬಹುದಿತ್ತು. 1979ರಲ್ಲಿ ಬೋನಸ್ ಕೂಡ ಮಂಜೂರಾಯಿತು. ಅದನ್ನು ಕೊಡುವಾಗ 1974ರ ಮೇ ತಿಂಗಳಲ್ಲಿ ಎಲ್ಲಿದ್ದಿರಿ ಎಂದು ಯಾರನ್ನೂ ಕೇಳಲಿಲ್ಲ.