ನಿದ್ದೆಗೆಂದು ಕೊಟ್ಟ ಗುಳಿಗೆ

ಮೂರ್ಛೆರೋಗಕ್ಕೆ ನಮ್ಮ ಜನ ಫಿಟ್ಸ್ ಎನ್ನುತ್ತಾರೆ. ಉರ್ದುವಿನಲ್ಲಿ ಅದು ಮಿರ್ಗಿ. ಅರಬಿಯಲ್ಲಿ ಈ ರೋಗವನ್ನು ಸೂಚಿಸುವ ಪದಕ್ಕೆ ‘ನೆಲಕ್ಕೆ ಕೆಡವುವುದು’ ಎಂಬ ಅರ್ಥವಿದೆ. ಲೋಕದ ಕಣ್ಣಿಗೆ ಬಿದ್ದದ್ದು ರೋಗಿ ಬೀಳುವ ದೃಶ್ಯ ಮಾತ್ರ. ಎದ್ದ ಮೇಲೆ ಅವನ ರಾತ್ರಿಗಳು ಹೇಗಿರುತ್ತವೆ, ಮನಸ್ಸು ಹೇಗಿರುತ್ತದೆ ಎಂದು ವಿಚಾರಿಸಿದವರು ಕಡಿಮೆ. ಆದರೆ ಈ ರೋಗದ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ದೊಡ್ಡ ತಿರುವು ಬಂದದ್ದೇ ನಿದ್ದೆಯ ದಾರಿಯಿಂದ.

1857ರಿಂದೀಚೆಗೆ ಯುರೋಪಿನ ವೈದ್ಯರ ಕೈಯಲ್ಲಿದ್ದ ಮುಖ್ಯ ಔಷಧಿ ಬ್ರೋಮೈಡ್. ಅದು ಫಿಟ್ಸ್ ತಗ್ಗಿಸುತ್ತಿತ್ತು, ನಿಜ. ಆದರೆ ಹೆಚ್ಚಾದರೆ ರೋಗಿ ಮಂಕಾಗುತ್ತಿದ್ದ, ಮೈಮೇಲೆ ಗುಳ್ಳೆಗಳೇಳುತ್ತಿದ್ದವು. 1912ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ತರುಣ ವೈದ್ಯನಿದ್ದ. ಅವನ ವಾಸ ರೋಗಿಗಳ ವಾರ್ಡಿನ ಮೇಲಿನ ಕೋಣೆಯಲ್ಲಿತ್ತೆಂದೂ, ರಾತ್ರಿಯೆಲ್ಲ ಅವರಿಗೆ ಬರುತ್ತಿದ್ದ ಫಿಟ್ಸ್‌ನಿಂದ ಅವನಿಗೂ ನಿದ್ದೆ ಇರಲಿಲ್ಲವೆಂದೂ ವೈದ್ಯಲೋಕದಲ್ಲಿ ಹೇಳುತ್ತಾರೆ. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಲ್ಯುಮಿನಲ್ ಎಂಬ ನಿದ್ದೆಯ ಮದ್ದನ್ನು ಆತ ರೋಗಿಗಳಿಗೆ ಕೊಟ್ಟ. ರಾತ್ರಿ ಶಾಂತವಾಯಿತು, ಹಗಲಿನ ಫಿಟ್ಸ್ ಕೂಡ ಇಳಿಯಿತು! ಅದೇ ವರ್ಷ ಅವನು ಇದನ್ನು ಪ್ರಕಟಿಸಿದ. ಫಿನೊಬಾರ್ಬಿಟಾಲ್ ಎಂಬ ಆ ಮದ್ದು ಇಂದಿಗೂ ನಮ್ಮ ಔಷಧಿ ಅಂಗಡಿಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತದೆ.

ಮುಂದಿನ ಕಥೆ ನೋವಿನದು. 1933ರಲ್ಲಿ ನಾಜಿ ಸರಕಾರ ತಂದ ಕಾನೂನು ಆನುವಂಶಿಕ ಮೂರ್ಛೆರೋಗವುಳ್ಳವರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ವಿಧಿಸಿತು. ಯೆಹೂದಿಯಾಗಿದ್ದ ಹಾಪ್ಟ್‌ಮನ್ 1935ರಲ್ಲಿ ಹಾಲೆ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡ, 1938ರಲ್ಲಿ ಡಾಹೌ ಶಿಬಿರದಲ್ಲಿ ಬಂಧಿಯಾದ. ಕೊನೆಗೆ ಅಮೆರಿಕಕ್ಕೆ ಹೋಗಿ 1948ರಲ್ಲಿ ಬಾಸ್ಟನ್‌ನಲ್ಲಿ ತೀರಿಕೊಂಡ. ರೋಗಿಯನ್ನೂ ವೈದ್ಯನನ್ನೂ ಒಂದೇ ಪ್ರಭುತ್ವ ‘ಬೇಡದವರು’ ಎಂದು ಬರೆದಿಟ್ಟಿತು.

1929ರಲ್ಲಿ ಹಾನ್ಸ್ ಬರ್ಗರ್ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು ಪ್ರಕಟಿಸಿದ ಮೇಲೆ ನಿದ್ದೆಯ ಗುಟ್ಟು ಸ್ವಲ್ಪ ಸ್ವಲ್ಪವೇ ಬಯಲಾಯಿತು. ಎಚ್ಚರದಲ್ಲಿ ಕಾಣದ ರೋಗದ ಗುರುತು ನಿದ್ದೆಯಲ್ಲಿ ಕಾಣಬಹುದು. ಕೆಲವರಿಗೆ ನಿದ್ದೆಯಲ್ಲಷ್ಟೇ ಫಿಟ್ಸ್ ಬರುತ್ತದೆ. ನಿದ್ದೆಗೆಟ್ಟರೆ ಫಿಟ್ಸ್, ಫಿಟ್ಸ್ ಬಂದರೆ ನಿದ್ದೆಗೇಡು. ಜೊತೆಗೆ ಮದ್ದಿನ ಮಂಪರು. ಇನ್ನೊಮ್ಮೆ ಎಲ್ಲಿ ಬಿದ್ದೇನೋ ಎಂಬ ಅಂಜಿಕೆ ಬೇರೆ. ಖಿನ್ನತೆ ಈ ರೋಗಿಗಳಲ್ಲಿ ಇತರರಿಗಿಂತ ಹೆಚ್ಚು. ಕೆಲವೊಮ್ಮೆ ಫಿನೊಬಾರ್ಬಿಟಾಲ್ ಕೂಡ ಮನಸ್ಸನ್ನು ಕುಗ್ಗಿಸುತ್ತದೆ.

ಖಿನ್ನತೆಗೆ ಸಮಾಜದ ಪಾಲೂ ಇದೆ. ನಮ್ಮ ದೇಶದಲ್ಲಿ ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ ಮದುವೆಗೆ ಅಡ್ಡಿಯಾಗಿದ್ದ ಮೂರ್ಛೆರೋಗದ ಮಾತನ್ನು 1999ರಲ್ಲಷ್ಟೇ ತೆಗೆದುಹಾಕಲಾಯಿತು. ಕಾನೂನು ಬದಲಾದರೂ, ಹೆಣ್ಣುಮಗಳಿಗೆ ಫಿಟ್ಸ್ ಇದ್ದರೆ ಸಂಬಂಧ ಕೂಡಿಬರುವ ತನಕ ಗುಳಿಗೆಯನ್ನು ಬಚ್ಚಿಡುವ ಮನೆಗಳು ಎಲ್ಲ ಸಮುದಾಯಗಳಲ್ಲೂ ಇವೆ. ಬಚ್ಚಿಟ್ಟ ಗುಳಿಗೆ ಒಂದು ದಿನ ತಪ್ಪುತ್ತದೆ, ಮದುವೆಮನೆಯ ಜಾಗರಣೆಯಲ್ಲಿ ನಿದ್ದೆಯೂ ತಪ್ಪುತ್ತದೆ, ಹುಡುಗಿ ಎಲ್ಲರೆದುರು ಬೀಳುತ್ತಾಳೆ.

ರಮಝಾನಿನಲ್ಲೂ ಇದೇ ಎಚ್ಚರ ಬೇಕು. ಸಹರಿಗೆ ಏಳುವುದರಿಂದ ನಿದ್ದೆ ತುಂಡಾಗುತ್ತದೆ, ಗುಳಿಗೆಯ ಹೊತ್ತು ಏರುಪೇರಾಗುತ್ತದೆ. ಆದ್ದರಿಂದ ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು. ರೋಗಿಗೆ ಉಪವಾಸದಿಂದ ರಿಯಾಯಿತಿಯನ್ನು ಕುರ್‌ಆನೇ ಕೊಟ್ಟಿದೆ.

ಬಿದ್ದವರ ಕೈಗೆ ಕಬ್ಬಿಣ ಕೊಡಲು ನಾವು ಓಡುತ್ತೇವೆ. ಅದರಿಂದ ಫಿಟ್ಸ್ ನಿಲ್ಲದು. ಪಕ್ಕಕ್ಕೆ ಮಗ್ಗುಲಾಗಿಸಿ ಮಲಗಿಸಿ, ಎಚ್ಚರವಾದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬಂದಿತ್ತೇ ಎಂದು ಕೇಳೋಣ.