ತಳಿ ತಿದ್ದುವ ಮುನ್ನ ಯಾರನ್ನು ಕೇಳಬೇಕು?

ಜೈವಿಕ ತಂತ್ರಜ್ಞಾನ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ರಾಯಚೂರಿನ ಹತ್ತಿಹೊಲ. 1998ರ ನವೆಂಬರಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘ ಅಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಹೊಲದಲ್ಲಿ ಬೆಳೆಯುತ್ತಿರುವುದು ಏನೆಂದು ರೈತರಿಗೇ ತಿಳಿಸಿರಲಿಲ್ಲ ಎಂಬುದು ಸಂಘದ ಆಕ್ಷೇಪವಾಗಿತ್ತು. ಕರಾವಳಿಯ ಕೃಷಿ ಚರಿತ್ರೆಯನ್ನು ಅಭ್ಯಾಸ ಮಾಡುತ್ತಿರುವ ನನಗೆ ಆ ಬೆಂಕಿಗಿಂತ ಈ ಆಕ್ಷೇಪವೇ ಮುಖ್ಯವೆನಿಸುತ್ತದೆ. ತಳಿಯನ್ನು ತಿದ್ದುವ ಮುನ್ನ ಯಾರನ್ನು ಕೇಳಬೇಕು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಚರಿತ್ರೆಯನ್ನು ಈ ಪ್ರಶ್ನೆ ಇಟ್ಟುಕೊಂಡು ಓದಬಹುದು.

ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಲ್ಲಿ ಅದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಸೇರಿತು. ಇಲ್ಲಿಂದ 1972ರಲ್ಲಿ ಬಿಡುಗಡೆಯಾದ 'ಮಂಗಳ' ಅಡಿಕೆಯ ಮೂಲ ಚೀನಾ. ಸುಮಂಗಳದ್ದು ಇಂಡೋನೇಷ್ಯಾ, ಶ್ರೀಮಂಗಳದ್ದು ಸಿಂಗಾಪುರ. ಮುಂದೆ ಹಿರೇಹಳ್ಳಿಯ ಗಿಡ್ಡ ತಳಿಯನ್ನು ಸುಮಂಗಳದೊಂದಿಗೆ ಸಂಕರ ಮಾಡಿ ಏರಲು ಸುಲಭವಾದ ಗಿಡ್ಡ ಮರಗಳನ್ನೂ ಪಡೆದರು. ತಳಿಯನ್ನು ಮನುಷ್ಯ ಮುಟ್ಟುವುದೇ ತಪ್ಪು ಎಂಬ ವಾದ ವಿಟ್ಲದಲ್ಲಿ ನಿಲ್ಲುವುದಿಲ್ಲ. ಕರಾವಳಿಯ ಎಷ್ಟೋ ಮನೆಗಳ ಅನ್ನ ಇಂಥ ತಿದ್ದುಪಡಿಯಿಂದಲೇ ಬಂದದ್ದು.

ಹಾಗಾದರೆ ತಕರಾರು ಎಲ್ಲಿ ಹುಟ್ಟುತ್ತದೆ? ಮೂಡುಬಿದಿರೆಯಿಂದ ಪಡುವಣ ಕಡಲಿನತ್ತ ಹೋದರೆ ಉಡುಪಿ ಜಿಲ್ಲೆಯ ಮಟ್ಟು ಸಿಗುತ್ತದೆ. ಅಲ್ಲಿನ ಗುಳ್ಳ ಬದನೆಯ ಬೀಜವನ್ನು ಸೋದೆಯ ವಾದಿರಾಜರು ಊರವರಿಗೆ ಕೊಟ್ಟರೆಂಬುದು ನಂಬಿಕೆ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಇದಕ್ಕೂ ಮೊದಲೇ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ವಂಶವಾಹಿ ಸೇರಿಸಲು ಆರಿಸಿಕೊಂಡ ಬದನೆಗಳಲ್ಲಿ ಉಡುಪಿ ಗುಳ್ಳವೂ ಇತ್ತು. ಮಣ್ಣಿನ ಬ್ಯಾಕ್ಟೀರಿಯಾವೊಂದರ ಈ ವಂಶವಾಹಿಯಿಂದ ಗಿಡ ತಾನೇ ಒಂದು ಪ್ರೋಟೀನು ತಯಾರಿಸುತ್ತದೆ. ಅದನ್ನು ತಿಂದ ಕಾಯಿಕೊರಕ ಹುಳು ಸಾಯುತ್ತದೆ. ಕೊರಕದ ಕಾಟಕ್ಕೆ ಬದನೆಗೆ ಎಷ್ಟು ವಿಷ ಸಿಂಪಡಿಸುತ್ತಾರೆಂದು ಬಲ್ಲವರು ಉದ್ದೇಶವನ್ನು ತಳ್ಳಿಹಾಕಲಾರರು.

ಆದರೆ ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರಿತು: ಸ್ಥಳೀಯ ತಳಿಗಳನ್ನು ಬಳಸುವಾಗ 2002ರ ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆದಿಲ್ಲ, ಊರಿನವರನ್ನು ಕೇಳಿಲ್ಲ. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಅದೇ ವರ್ಷ ಫೆಬ್ರವರಿ 9ರಂದು ಕೇಂದ್ರ ಸಚಿವ ಜೈರಾಂ ರಮೇಶ್ ಬಿಟಿ ಬದನೆಗೆ ತಡೆ ಹಾಕಿದ್ದರು. ಸುರಕ್ಷತೆಯ ಚರ್ಚೆ ಎಲ್ಲರ ಕಿವಿಗೂ ಬಿತ್ತು. ಅನುಮತಿಯ ಪ್ರಶ್ನೆ ಅಷ್ಟಾಗಿ ಕೇಳಿಸಲಿಲ್ಲ.

ಕಾದವರ ಮಾತೇ ಕೊನೆಯ ಮಾತೇ? ಹಾಗೆನ್ನಲೂ ಮೂಡುಬಿದಿರೆ ಬಿಡುವುದಿಲ್ಲ. ಧವಳಾ, ಜಯಧವಳಾ, ಮಹಾಧವಳಾ ಎಂಬ ಜೈನ ಸಿದ್ಧಾಂತ ಗ್ರಂಥಗಳು ಹಳೆಯ ಕನ್ನಡ ಲಿಪಿಯ ತಾಡೆಯೋಲೆಗಳಲ್ಲಿ ಇಲ್ಲಿನ ಬಸದಿಯಲ್ಲಿ ಉಳಿದವು. ಬಸದಿ ಕಾಯದಿದ್ದರೆ ಅವು ಅಳಿಯುತ್ತಿದ್ದವು. ಆದರೆ ಯಾತ್ರಿಕರಿಗೆ ಅವು ದರ್ಶನಕ್ಕಷ್ಟೇ ಸಿಗುತ್ತಿದ್ದವು, ಓದಿಗಲ್ಲ. 19ನೇ ಶತಮಾನದ ಕೊನೆಯಲ್ಲಿ ನಕಲು ಮಾಡಿಸುವ ಕೆಲಸ ಶುರುವಾಯಿತು. ಲಿಪಿಕಾರರೊಬ್ಬರು ಗುಟ್ಟಾಗಿ ಮಾಡಿಕೊಂಡ ಪ್ರತಿ ಉತ್ತರದ ಸಹಾರನಪುರ ಸೇರಿತು. 1939ರಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಳಾ ಅಚ್ಚಾಗತೊಡಗಿತು. ಕೇಳದೆ ಮಾಡಿದ ನಕಲೇ ಗ್ರಂಥವನ್ನು ಜಗತ್ತಿಗೆ ಕೊಟ್ಟಿತು! ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಆ ಪ್ರತಿಯಿಂದ ಬಸದಿಯ ಓಲೆ ಬಸದಿಯದಾಗಿಯೇ ಉಳಿಯಿತು, ಗ್ರಂಥ ತನ್ನದೆಂದು ಯಾರೂ ಹೇಳಲಿಲ್ಲ. ತಳಿಗೆ ಹೊಸ ವಂಶವಾಹಿ ಸೇರಿಸಿದವರು ಅದರ ಮೇಲೆ ಪೇಟೆಂಟ್ ಕೇಳಬಲ್ಲರು.

ಓಲೆಯನ್ನು ಪೆಟ್ಟಿಗೆಯಲ್ಲಿ ಕಾಯಬಹುದು, ಭತ್ತವನ್ನಲ್ಲ. ಬೆಳ್ತಂಗಡಿ ತಾಲೂಕಿನ ಮಿತ್ತಬಾಗಿಲಿನ ಕೃಷಿಕ ಬಿ. ಕೆ. ದೇವರಾವ್ ನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದು ಮತ್ತೆ ಮತ್ತೆ ಗದ್ದೆಗಿಳಿಸಿ. ಕರಾವಳಿಯ ತೇವದಲ್ಲಿ ಬೀಜ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಇಂಥ ದುಡಿಮೆಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಿಂದ.

ಈಗ ಪ್ರಶ್ನೆ ಹೊಸ ರೂಪದಲ್ಲಿ ಬಂದಿದೆ. 2025ರ ಮೇ ತಿಂಗಳಲ್ಲಿ ವಂಶವಾಹಿ ಸಂಪಾದನೆಯ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ಅವುಗಳಲ್ಲಿ 'ಪೂಸಾ ಡಿಎಸ್‌ಟಿ ರೈಸ್ 1' ಬರ ಮತ್ತು ಉಪ್ಪು ತಾಳುವಂಥದ್ದು. ಹೊರಗಿನ ವಂಶವಾಹಿ ಇಲ್ಲದ ಇಂಥ ತಳಿಗಳಿಗೆ 2022ರಲ್ಲೇ ಹಲವು ನಿಯಮಗಳಿಂದ ವಿನಾಯಿತಿ ದೊರೆತಿದೆ. ಬ್ಯಾಕ್ಟೀರಿಯಾ ಸೇರಿಸಿದ್ದಾರೆ ಎಂಬ ಹಳೆಯ ಭಯಕ್ಕೆ ಇಲ್ಲಿ ಜಾಗವಿಲ್ಲ. ಆದರೆ ಉತ್ತರ ಕನ್ನಡದ ಗಜನಿ ಗದ್ದೆಗಳಲ್ಲಿ 'ಕಗ್ಗ' ಭತ್ತ ತಲೆಮಾರುಗಳಿಂದ ಉಪ್ಪುನೀರನ್ನು ತಾಳಿ ಬೆಳೆದಿದೆ. ಆ ಗುಣವನ್ನು ನಾಳೆ ಪ್ರಯೋಗಾಲಯ ಓದಿ ಬೇರೊಂದು ತಳಿಗೆ ಬರೆದರೆ, ಕಗ್ಗವನ್ನು ಕಾದವರಿಗೆ ಅದರಲ್ಲಿ ಪಾಲಿದೆಯೇ? ವಿಜ್ಞಾನ ನಿಲ್ಲಬೇಕಿಲ್ಲ. ಗದ್ದೆಯ ಬದುವಿಗೆ ಬಂದು ಮೊದಲು ಕೇಳಲಿ, ಬಂದ ಫಲವನ್ನು ಅಲ್ಲಿಗೇ ಮರಳಿಸಲಿ.